ತವುಡಿನ ಬ್ರೆಡ್ಡು, ಕಡಲೆಕಾಯಿ ಬೆಣ್ಣೆ, ಕಿತ್ತಳೆ

ಬೆಳಗಿನ ಅವಸರದಲ್ಲಿ ಹತ್ತೇ ನಿಮಿಷಕ್ಕೆ ಸಿದ್ಧವಾಗುವ ತಿಂಡಿಗಳ ಪೈಕಿ ಟೋಸ್ಟಿಗೆ ಈಚೆಗೆ ಹೊಸ ಮರ್ಯಾದೆ ಬಂದಿದೆ. ಇಡಿಗೋಧಿ ಬ್ರೆಡ್ಡಿನ ಎರಡು ಹೋಳುಗಳನ್ನು ಹೊಂಬಣ್ಣ ಬರುವಷ್ಟು ಕಾಯಿಸಿ, ಮೇಲೆ ಕಡಲೆಕಾಯಿ ಬೆಣ್ಣೆ ಸವರಿ, ಬಾಳೆಹಣ್ಣಿನ ಬಿಲ್ಲೆಗಳನ್ನು ಜೋಡಿಸಿ, ನಾಲ್ಕು ಚೂರು ಬಾದಾಮಿಯನ್ನೋ ಅಕ್ರೋಟನ್ನೋ ಉದುರಿಸಿದರೆ ತಿಂಡಿ ಮುಗಿಯಿತು. ದೊಡ್ಡ ಊರುಗಳ ಹೋಟೆಲುಗಳಲ್ಲಿ ಇದೇ ತಟ್ಟೆಗೆ ಕೈಸುಡುವ ಬೆಲೆ. ಹೀಗಾಗಿ ಇದು ಪಶ್ಚಿಮದ ಉಳ್ಳವರ ಶೋಕಿ, ಮೊನ್ನೆ ಮೊನ್ನೆ ಇಲ್ಲಿಗೆ ಬಂದು ಇಳಿದದ್ದು ಎಂದು ತಿಳಿದವರೇ ಹೆಚ್ಚು.

ಇತಿಹಾಸ ಹೇಳುವ ಕಥೆ ಬೇರೆಯೇ ಇದೆ. 1910ರ ಸುಮಾರಿಗೆ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಸಮೀಪದ ಒಂದು ತೋಟದಲ್ಲಿ ಭಾರತೀಯ ಕುಟುಂಬಗಳು ತವುಡು ತೆಗೆಯದ ಹಿಟ್ಟಿನ ಬ್ರೆಡ್ಡು, ಮನೆಯಲ್ಲೇ ಅರೆದ ಕಡಲೆಕಾಯಿ ಬೆಣ್ಣೆ, ತೋಟದ ಕಿತ್ತಳೆ ಇವನ್ನು ತಿಂದುಕೊಂಡು ಬದುಕುತ್ತಿದ್ದವು. ಅವರು ಉಳ್ಳವರಲ್ಲ. ಮನೆಯ ಯಜಮಾನರು ಸತ್ಯಾಗ್ರಹ ಮಾಡಿ ಜೈಲು ಸೇರಿದ್ದರಿಂದ ಸಂಪಾದನೆ ನಿಂತುಹೋದ ಸಂಸಾರಗಳು ಅವು. ಆ ತಟ್ಟೆಯಲ್ಲಿದ್ದ ಬ್ರೆಡ್ಡಿನ ಹಿಂದೆ ಮುಕ್ಕಾಲು ಶತಮಾನದ ಒಂದು ಜಗಳವಿತ್ತು. ಬ್ರೆಡ್ಡು ಬೆಳ್ಳಗಾಗುವ ಭರದಲ್ಲಿ ಕಳೆದುಕೊಂಡದ್ದು ಏನು, ಅದನ್ನು ಮರಳಿ ಪಡೆಯುವುದು ಹೇಗೆ ಎಂಬುದೇ ಆ ಜಗಳದ ತಿರುಳು.

ಚಳಿನಾಡಿನ ಉಪಾಯ

ಟೋಸ್ಟ್ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಒಣಗಿಸು, ಹುರಿ ಎಂಬುದು ಅದರ ಅರ್ಥ. ಹಳಸಿದ ಬ್ರೆಡ್ಡನ್ನು ಬಿಸಾಡಲು ಮನಸ್ಸಿಲ್ಲದವರು ಬೆಂಕಿಗೆ ಹಿಡಿದು ತಿನ್ನುವಂತೆ ಮಾಡಿಕೊಂಡದ್ದು ಬಹಳ ಹಿಂದಿನ ಮಾತು. ಇಂಗ್ಲೆಂಡಿನಲ್ಲಿ ಮಸಾಲೆ ಹಾಕಿ ಕಾಯಿಸಿದ ಬ್ರೆಡ್ಡಿನ ಚೂರನ್ನು ದ್ರಾಕ್ಷಾರಸದ ಬಟ್ಟಲಿನಲ್ಲಿ ತೇಲಿಬಿಡುವ ಪದ್ಧತಿಯೂ ಇತ್ತು. ಷೇಕ್ಸ್‌ಪಿಯರನ ನಾಟಕದ ಫಾಲ್‌ಸ್ಟಾಫ್ ತನ್ನ ಮದ್ಯಕ್ಕೆ ಇಂಥದೊಂದು ಚೂರು ಹಾಕಿ ತರಲು ಹೇಳುತ್ತಾನೆ. ಯಾರದಾದರೂ ಗೌರವಾರ್ಥ ಬಟ್ಟಲೆತ್ತುವುದಕ್ಕೆ ‘ಟೋಸ್ಟ್’ ಎಂಬ ಹೆಸರು ಬಂದದ್ದೂ ಈ ಚೂರಿನಿಂದಲೇ.

ಬೆಳಗಿನ ತಿಂಡಿಯಾಗಿ ಟೋಸ್ಟು ನೆಲೆಯೂರಿದ್ದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ. 1748ರಲ್ಲಿ ಅಲ್ಲಿಗೆ ಭೇಟಿಯಿತ್ತ ಸ್ವೀಡನ್ನಿನ ಸಸ್ಯವಿಜ್ಞಾನಿ ಪೆಹ್ರ್ ಕಾಲ್ಮ್ ಇದಕ್ಕೊಂದು ಕಾರಣ ಊಹಿಸಿದರು. ಇಂಗ್ಲಿಷರ ಮನೆಗಳು ಚಳಿಗಾಲದಲ್ಲಿ ಎಷ್ಟು ತಣ್ಣಗಿರುತ್ತವೆಂದರೆ ಬೆಣ್ಣೆ ಕಲ್ಲಾಗಿ ಬ್ರೆಡ್ಡಿನ ಮೇಲೆ ಸವರಲು ಬರುವುದಿಲ್ಲ, ಬ್ರೆಡ್ಡನ್ನು ಬಿಸಿ ಮಾಡುವ ಯೋಚನೆ ಅವರಿಗೆ ಬಹುಶಃ ಹೀಗೆ ಹೊಳೆದಿರಬೇಕು ಎಂಬುದು ಅವರ ಅಭಿಪ್ರಾಯ. ಉದ್ದ ಹಿಡಿಯ ಮುಳ್ಳುಚಮಚಕ್ಕೆ ಬ್ರೆಡ್ಡಿನ ಹೋಳು ಸಿಕ್ಕಿಸಿ, ಕೆಂಡದ ಮುಂದೆ ಕುಳಿತು, ಒಂದು ಮಗ್ಗುಲು ಕೆಂಪಾದ ಮೇಲೆ ಇನ್ನೊಂದು ಮಗ್ಗುಲಿಗೆ ತಿರುಗಿಸಬೇಕಿತ್ತು. ಅದು ಅವಸರದ ಕೆಲಸವಾಗಿರಲಿಲ್ಲ.

ಕಾಯಿಸಿದ ಬ್ರೆಡ್ಡಿಗೆ ಆ ಬಣ್ಣವೂ ಘಮವೂ ಎಲ್ಲಿಂದ ಬರುತ್ತವೆಂಬುದನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ವಿವರಿಸಿದರು. ಕಾವು ಹೆಚ್ಚಾದಾಗ ಹಿಟ್ಟಿನಲ್ಲಿರುವ ಅಮೈನೋ ಆಮ್ಲಗಳೂ ಸಕ್ಕರೆಯ ಅಂಶಗಳೂ ಕೂಡಿಕೊಂಡು ನೂರಾರು ಹೊಸ ಸಂಯುಕ್ತಗಳನ್ನು ಹುಟ್ಟಿಸುತ್ತವೆ. ಹುರಿದ ಕಾಫಿ ಬೀಜದ ಪರಿಮಳದಲ್ಲೂ, ಹೆಂಚಿನ ಮೇಲಿನ ದೋಸೆಯ ಕೆಂಪಿನಲ್ಲೂ ಇರುವುದು ಇದೇ ರಾಸಾಯನಿಕ ಕ್ರಿಯೆ.

ಜರಡಿಯಲ್ಲಿ ಉಳಿದದ್ದು

ಒಂದು ಗೋಧಿ ಕಾಳಿನಲ್ಲಿ ಮೂರು ಭಾಗಗಳಿವೆ. ಹೊರಗಿನ ತವುಡಿನ ಪದರ ಕಾಳಿನ ತೂಕದಲ್ಲಿ ಸುಮಾರು ಶೇ. 14ರಷ್ಟು. ಒಂದು ತುದಿಯಲ್ಲಿ ಅಡಗಿರುವ ಮೊಳಕೆಯ ಭಾಗ ಶೇ. 2ರಿಂದ 3ರಷ್ಟು. ಉಳಿದದ್ದೆಲ್ಲ ಬಿಳಿಯ ಪಿಷ್ಟದ ತಿರುಳು. ನಾರು, ಕಬ್ಬಿಣ, ಬಿ ಗುಂಪಿನ ಜೀವಸತ್ವಗಳ ಬಹುಪಾಲು ಇರುವುದು ಮೊದಲ ಎರಡು ಭಾಗಗಳಲ್ಲಿ. ಮೈದಾ ಎಂದರೆ ಮೂರನೆಯ ಭಾಗ ಮಾತ್ರ. ಇಡಿಗೋಧಿ ಹಿಟ್ಟಿನಲ್ಲಿ ನೂರಕ್ಕೆ ಹನ್ನೊಂದರಷ್ಟಿರುವ ನಾರು ಮೈದಾ ಆಗುವ ಹೊತ್ತಿಗೆ ಮೂರರ ಆಸುಪಾಸಿಗೆ ಇಳಿದಿರುತ್ತದೆ.

ಬೆಳ್ಳಗಿನ ಬ್ರೆಡ್ಡು ಯೂರೋಪಿನಲ್ಲಿ ಶತಮಾನಗಳ ಕಾಲ ಅಂತಸ್ತಿನ ಗುರುತಾಗಿತ್ತು. ಕಲ್ಲಿನಲ್ಲಿ ಬೀಸಿದ ಹಿಟ್ಟನ್ನು ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಲು ಹಣವಿದ್ದವರು ಬಿಳಿ ಬ್ರೆಡ್ಡು ತಿಂದರೆ, ಇಲ್ಲದವರಿಗೆ ಕಪ್ಪು ಬ್ರೆಡ್ಡೇ ಗತಿ. ಇದರ ವಿರುದ್ಧ ದೊಡ್ಡ ದನಿಯಲ್ಲಿ ಮಾತಾಡಿದವರಲ್ಲಿ ಮೊದಲಿಗರು ಅಮೆರಿಕದ ಪಾದ್ರಿ ಸಿಲ್ವೆಸ್ಟರ್ ಗ್ರಹಾಂ. ದೇವರು ಕೂಡಿಸಿದ್ದನ್ನು ಮನುಷ್ಯ ಬೇರ್ಪಡಿಸಬಾರದು ಎಂಬ ಧರ್ಮದ ನೆಲೆಯಿಂದಲೇ ಅವರು ತವುಡಿನ ಪರವಾಗಿ ವಾದಿಸಿದರು. 1837ರಲ್ಲಿ ಬ್ರೆಡ್ಡಿನ ಬಗೆಗೇ ಒಂದು ಪುಸ್ತಕ ಪ್ರಕಟಿಸಿದರು. ಅದೇ ವರ್ಷ ಬೋಸ್ಟನ್ನಿನಲ್ಲಿ ಅವರ ಭಾಷಣ ಏರ್ಪಟ್ಟಾಗ ಬೇಕರಿಯವರೂ ಮಾಂಸದ ವ್ಯಾಪಾರಿಗಳೂ ಗುಂಪುಗೂಡಿ ಪ್ರತಿಭಟಿಸಿದರು. ಅವರ ವ್ಯಾಪಾರಕ್ಕೇ ಕುತ್ತು ಬಂದಿತ್ತಲ್ಲ!

ಗ್ರಹಾಂ ತೀರಿಕೊಂಡದ್ದು 1851ರಲ್ಲಿ. ಅವರು ಹೆದರಿದ್ದಕ್ಕಿಂತ ದೊಡ್ಡ ಬದಲಾವಣೆ ಬಂದದ್ದು ಆಮೇಲೆ. 1870ರ ದಶಕದಿಂದ ಮೊದಲು ಹಂಗೆರಿಯಲ್ಲಿ, ಅನಂತರ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಬೀಸುಕಲ್ಲಿನ ಜಾಗಕ್ಕೆ ಲೋಹದ ಉರುಳೆಗಳು ಬಂದವು. ಈ ಉರುಳೆಗಳು ಕಾಳನ್ನು ಒಡೆದು ತವುಡು, ಮೊಳಕೆ, ತಿರುಳುಗಳನ್ನು ಅಚ್ಚುಕಟ್ಟಾಗಿ ಬೇರೆ ಮಾಡಿಬಿಡುತ್ತಿದ್ದವು. ಮೊಳಕೆಯಲ್ಲಿ ಎಣ್ಣೆಯ ಅಂಶವಿರುವುದರಿಂದ ಕಲ್ಲಿನಲ್ಲಿ ಬೀಸಿದ ಹಿಟ್ಟು ಬೇಗ ಮುಗ್ಗುತ್ತಿತ್ತು. ಉರುಳೆಯ ಬಿಳಿ ಹಿಟ್ಟು ಹಾಗಲ್ಲ, ತಿಂಗಳುಗಟ್ಟಲೆ ಕೆಡದೆ ಉಳಿಯುತ್ತಿತ್ತು. ರೈಲಿನಲ್ಲಿ, ಹಡಗಿನಲ್ಲಿ ದೂರ ದೂರ ಸಾಗುತ್ತಿತ್ತು. ಬೆಲೆಯೂ ಇಳಿಯಿತು. ಒಂದು ಕಾಲಕ್ಕೆ ಸಾಹುಕಾರರಿಗೆ ಮೀಸಲಾಗಿದ್ದ ಬಿಳಿ ಬ್ರೆಡ್ಡು ಒಂದೇ ತಲೆಮಾರಿನಲ್ಲಿ ಕೂಲಿಕಾರರ ಮೇಜಿಗೂ ಬಂತು. ಬಡವರು ಗೆದ್ದೆವೆಂದುಕೊಂಡರು. ನಿಜವಾಗಿ, ಬ್ರೆಡ್ಡಿನ ಹೊರತು ಬೇರೇನೂ ಹೆಚ್ಚಿಗೆ ತಿನ್ನಲಾಗದ ಅವರೇ ಹೆಚ್ಚು ನಷ್ಟಕ್ಕೆ ಒಳಗಾದರು. ತವುಡು ದನದ ಬಾನಿಗೆ ಹೋಯಿತು.

ಪಟ್ಟಿಯಿಂದ ಹೊರಬಿದ್ದ ವೈದ್ಯ

ಲಂಡನ್ನಿನ ವೈದ್ಯ ಥಾಮಸ್ ಅಲಿನ್ಸನ್ ಈ ನಷ್ಟವನ್ನು ಕಂಡು ಸುಮ್ಮನಿರಲಿಲ್ಲ. ಇಡಿಗೋಧಿ ಬ್ರೆಡ್ಡು, ಹಣ್ಣು, ತರಕಾರಿ, ವ್ಯಾಯಾಮ, ತೆರೆದ ಕಿಟಕಿ ಇವುಗಳಿಂದಲೇ ಬಹಳಷ್ಟು ಕಾಯಿಲೆ ದೂರವಿಡಬಹುದು, ಔಷಧಿಗಳಿಂದ ಆಗುವುದು ಕೆಡುಕೇ ಹೆಚ್ಚು ಎಂದು ಅವರು ಪತ್ರಿಕೆಗಳಲ್ಲಿ ಬಹಿರಂಗವಾಗಿ ಬರೆದರು. ವೈದ್ಯ ಮಂಡಳಿಗೆ ಇದು ಸಹನೆಯಾಗಲಿಲ್ಲ. 1892ರಲ್ಲಿ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಅಲಿನ್ಸನ್ ಕುಗ್ಗಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಕಲ್ಲಿನಲ್ಲಿ ಹಿಟ್ಟು ಬೀಸುವ ಒಂದು ಗಿರಣಿಯನ್ನೇ ಕೊಂಡು ತವುಡು ತೆಗೆಯದ ಹಿಟ್ಟನ್ನು ಮಾರತೊಡಗಿದರು.

ಇದಕ್ಕೆ ಒಂದು ವರ್ಷ ಮೊದಲು ಅವರು ಇನ್ನೊಂದು ಸಂಸ್ಥೆಯಿಂದಲೂ ಹೊರಬೀಳುವ ಪ್ರಸಂಗ ಬಂದಿತ್ತು. ಅದು ಲಂಡನ್ನಿನ ಸಸ್ಯಾಹಾರಿ ಸಂಘ. ಸಂತಾನ ನಿಯಂತ್ರಣದ ಕೃತಕ ವಿಧಾನಗಳನ್ನು ಅಲಿನ್ಸನ್ ಬೆಂಬಲಿಸುತ್ತಾರೆ, ಇದು ನೀತಿಗೆ ಮಾರಕ, ಆದ್ದರಿಂದ ಅವರನ್ನು ಕೈಬಿಡಬೇಕು ಎಂದು ಸಂಘದ ಅಧ್ಯಕ್ಷರಾಗಿದ್ದ ಉದ್ಯಮಿ ಹಿಲ್ಸ್ ಪಟ್ಟು ಹಿಡಿದರು. ಕಾರ್ಯಕಾರಿ ಸಮಿತಿಯಲ್ಲಿ ಅಲಿನ್ಸನ್ನರ ಪರ ನಿಂತವರಲ್ಲಿ ಭಾರತದಿಂದ ಬ್ಯಾರಿಸ್ಟರ್ ಪದವಿಗೆ ಓದಲು ಬಂದಿದ್ದ ಇಪ್ಪತ್ತೊಂದರ ಹರೆಯದ ಒಬ್ಬ ನಾಚಿಕೆಯ ತರುಣನೂ ಇದ್ದ. ಹೆಸರು ಮೋಹನದಾಸ ಕರಮಚಂದ ಗಾಂಧಿ. ಸಂತಾನ ನಿಯಂತ್ರಣದ ವಿಷಯದಲ್ಲಿ ಗಾಂಧಿಯ ಅಭಿಪ್ರಾಯ ಅಲಿನ್ಸನ್ನರಿಗೆ ವಿರುದ್ಧವಾಗಿಯೇ ಇತ್ತು. ಆದರೆ ಸಸ್ಯಾಹಾರ ಪ್ರಚಾರಕ್ಕೆಂದು ಇರುವ ಸಂಘಕ್ಕೆ ಸದಸ್ಯನ ಬೇರೆ ವಿಚಾರಗಳನ್ನು ಹಿಡಿದು ಹೊರಹಾಕುವ ಹಕ್ಕಿಲ್ಲ ಎಂಬುದು ಆ ತರುಣನ ವಾದ. ಮಾತನಾಡಲು ಧೈರ್ಯ ಸಾಲದೆ ಭಾಷಣವನ್ನು ಬರೆದುಕೊಂಡು ಹೋದದ್ದಾಯಿತು; ಓದಲೂ ಬಾಯಿ ಬರಲಿಲ್ಲ, ಬೇರೊಬ್ಬರು ಓದಿದರು. ಆ ದಿನ ಸೋಲಾಯಿತು.

ಗಾಂಧೀಜಿಗೆ ಬ್ರೆಡ್ಡಿನ ಬೆಲೆ ಅದಾಗಲೇ ಗೊತ್ತಿತ್ತು. ಲಂಡನ್ನಿಗೆ ಹೋದ ಹೊಸತರಲ್ಲಿ, 1888ರಲ್ಲಿ, ತಾಯಿಗೆ ಕೊಟ್ಟ ಮಾತಿನಂತೆ ಮಾಂಸ ಮುಟ್ಟದೆ ಎಷ್ಟೋ ದಿನ ಅವರು ಹಸಿದೇ ಇದ್ದರು. ತಾವಿದ್ದ ಮನೆಯವರು ಬಡಿಸುವ ಎರಡು ಮೂರು ಹೋಳು ಬ್ರೆಡ್ಡು ಯಾವ ಮೂಲೆಗೂ ಸಾಲದು. ಇನ್ನಷ್ಟು ಕೇಳಲು ನಾಚಿಕೆ. ಮುಂದೆ ಖರ್ಚು ತಗ್ಗಿಸಲು ತಾವೇ ಒಲೆ ಹಚ್ಚಿ ಬೆಳಿಗ್ಗೆ ಓಟ್ಸ್ ಗಂಜಿ, ಕೋಕೊ, ರಾತ್ರಿ ಬ್ರೆಡ್ಡು, ಕೋಕೊ ಎಂಬ ಕ್ರಮ ಇಟ್ಟುಕೊಂಡರು. ಆಹಾರದ ಬಗ್ಗೆ ಅವರು ಜೀವನವಿಡೀ ನಡೆಸಿದ ಪ್ರಯೋಗಗಳಿಗೆ ಇಲ್ಲಿಯೇ ನಾಂದಿಯಾಯಿತು.

ಏಳು ಪೌಂಡಿನ ಬೀಸುವ ಯಂತ್ರ

ಈ ಪ್ರಯೋಗಗಳು ಮುಂದುವರಿದದ್ದು ದಕ್ಷಿಣ ಆಫ್ರಿಕದಲ್ಲಿ. ಜೋಹಾನ್ಸ್‌ಬರ್ಗ್‌ನಲ್ಲಿ ವಕೀಲಿ ನಡೆಸುತ್ತಿದ್ದಾಗ ಗಾಂಧೀಜಿ ಜರ್ಮನಿಯ ಪ್ರಕೃತಿ ಚಿಕಿತ್ಸಕರಾದ ಲೂಯಿ ಕ್ಯೂನೆ, ಅಡಾಲ್ಫ್ ಯುಸ್ಟ್ ಇವರ ಪುಸ್ತಕಗಳನ್ನು ಓದಿದರು. ತಾಜಾ ಹಣ್ಣು ಮತ್ತು ಬೀಜಗಳೇ ಮನುಷ್ಯನ ಸಹಜ ಆಹಾರ ಎಂಬುದು ಯುಸ್ಟ್‌ನ ವಾದ. ಹುಳಿ ಬರಿಸದ ಇಡಿಗೋಧಿ ಬ್ರೆಡ್ಡಿನ ವಿಧಾನ ಕ್ಯೂನೆಯದು. ಗಾಂಧೀಜಿ ಮೊದಲು ಕ್ಯೂನೆಯ ಬ್ರೆಡ್ಡನ್ನು ಮನೆಗೆ ತಂದರು. ಅಂಗಡಿಯ ಹಿಟ್ಟು ಅದಕ್ಕೆ ಒಗ್ಗದು ಎಂದು ಏಳು ಪೌಂಡು ಕೊಟ್ಟು ಕೈಯಿಂದ ತಿರುಗಿಸುವ, ಕಬ್ಬಿಣದ ಚಕ್ರವಿದ್ದ ಬೀಸುವ ಯಂತ್ರವೊಂದನ್ನು ಕೊಂಡರು. ಒಬ್ಬರಿಗೆ ಅದು ಭಾರ, ಇಬ್ಬರಿಗೆ ಸಲೀಸು. ಗಾಂಧೀಜಿ, ಅವರ ಮನೆಯಲ್ಲೇ ಇದ್ದ ಗೆಳೆಯ ಪೋಲಕ್, ಮಕ್ಕಳು ಸೇರಿ ಬೀಸುತ್ತಿದ್ದರು. ಆಗೀಗ ಕಸ್ತೂರಬಾ ಕೂಡ ಕೈಹಾಕುತ್ತಿದ್ದರು. ವಕೀಲರ ಮನೆಯಲ್ಲಿ ಗಂಡಸರು ಬೆಳಗಾಗೆದ್ದು ಹಿಟ್ಟು ಬೀಸುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

1910ರ ಮೇ ತಿಂಗಳಲ್ಲಿ ಇದೇ ಪದ್ಧತಿಗೆ ದೊಡ್ಡ ಪರೀಕ್ಷೆ ಎದುರಾಯಿತು. ಟ್ರಾನ್ಸ್‌ವಾಲಿನ ಭಾರತೀಯರ ಮೇಲಿನ ಕಾನೂನುಗಳ ವಿರುದ್ಧ ಹೋರಾಟ ವರ್ಷಗಟ್ಟಲೆ ಎಳೆದಿತ್ತು. ಜೈಲು ಸೇರಿದವರ ಕುಟುಂಬಗಳಿಗೆ ತಿಂಗಳು ತಿಂಗಳು ಹಣ ಹಂಚಲು ನಿಧಿ ಸಾಲದಾಯಿತು. ಎಲ್ಲರೂ ಒಂದೇ ಕಡೆ ಕೂಡಿ ಬಾಳಿದರೆ ಖರ್ಚು ಉಳಿಯುತ್ತದೆಂದು ಗಾಂಧೀಜಿಗೆ ಅನ್ನಿಸಿತು. ಜರ್ಮನ್ ಮೂಲದ ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಖ್ ಜೋಹಾನ್ಸ್‌ಬರ್ಗ್‌ನಿಂದ 21 ಮೈಲಿ ದೂರದ ಲಾಲಿ ಎಂಬಲ್ಲಿ 1,100 ಎಕರೆ ಜಮೀನು ಕೊಂಡು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಅಲ್ಲಿ ಕಿತ್ತಳೆ, ಏಪ್ರಿಕಾಟ್, ಪ್ಲಮ್ ಮುಂತಾದ ಸುಮಾರು ಸಾವಿರ ಹಣ್ಣಿನ ಮರಗಳಿದ್ದವು.

ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ. ತಮಿಳರು, ಗುಜರಾತಿಗಳು, ಉತ್ತರ ಭಾರತದವರು ಒಂದೇ ಅಡುಗೆಮನೆಯಲ್ಲಿ ಉಣ್ಣಬೇಕಿತ್ತು. ಗೋಧಿಯನ್ನು ಕೈಯಲ್ಲೇ ಬೀಸಿದ ಹಿಟ್ಟಿನಿಂದ ಬ್ರೆಡ್ಡು. ಗೋಧಿಯನ್ನೇ ಹುರಿದು ಪುಡಿ ಮಾಡಿದ್ದು ಕಾಫಿ. ಕಡಲೆಕಾಯಿ ಬೀಜವನ್ನು ಮೊದಲು ಹುರಿದು ಅನಂತರ ಅರೆದರೆ ಬೆಣ್ಣೆ. ಇದು ಹಾಲಿನ ಬೆಣ್ಣೆಗಿಂತ ನಾಲ್ಕು ಪಟ್ಟು ಅಗ್ಗವಾಗಿತ್ತೆಂದು ಗಾಂಧೀಜಿಯೇ ದಾಖಲಿಸಿದ್ದಾರೆ. ಕಿತ್ತಳೆಗೆ ತೋಟದಲ್ಲಿ ಬರವೇ ಇರಲಿಲ್ಲ. ಇಂದು ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುವ ತಟ್ಟೆಯ ಮೂರೂ ಅಂಗಗಳು, ಅಂದರೆ ಇಡಿಕಾಳಿನ ಬ್ರೆಡ್ಡು, ಬೀಜ, ಹಣ್ಣು, ಅಲ್ಲಿ ಒಟ್ಟುಗೂಡಿದ್ದು ಕೈಯಲ್ಲಿ ಕಾಸಿಲ್ಲದ್ದರಿಂದ. ಪ್ರತಿ ತುತ್ತಿನ ಹಿಂದೆಯೂ ಯಾರೋ ಬೀಸಿದ, ಹುರಿದ, ಅರೆದ ಶ್ರಮವಿತ್ತು. ಆ ಶ್ರಮ ಹೆಂಗಸರ ಪಾಲಿಗೆ ಮಾತ್ರ ಬೀಳದಂತೆ ಹಂಚಿಕೊಳ್ಳುವುದೂ ಫಾರ್ಮಿನ ನಿಯಮದ ಭಾಗವಾಗಿತ್ತು.

ಕಥೆಯ ಎಳೆ ಮತ್ತೆ ಅಲಿನ್ಸನ್ನರ ಬಳಿಗೆ ಬರುತ್ತದೆ. 1914ರಲ್ಲಿ ಗಾಂಧೀಜಿ ಲಂಡನ್ನಿಗೆ ಹೋದಾಗ ಎದೆಗೂಡಿನ ಉರಿಯೂತದಿಂದ ಹಾಸಿಗೆ ಹಿಡಿದರು. ಹಾಲು ಕುಡಿಯಲು ಗೋಖಲೆಯವರು ಒತ್ತಾಯಿಸಿದರೂ ಅವರು ಒಪ್ಪಲಿಲ್ಲ. ಆಗ ಬಂದು ನೋಡಿದವರು ಡಾ. ಅಲಿನ್ಸನ್. ತವುಡಿನ ಬ್ರೆಡ್ಡು, ಹಸಿ ತರಕಾರಿ, ಮುಖ್ಯವಾಗಿ ಕಿತ್ತಳೆಯಂಥ ತಾಜಾ ಹಣ್ಣು ತಿನ್ನಿ, ಕಿಟಕಿಗಳನ್ನು ಹಗಲೂ ರಾತ್ರಿಯೂ ತೆರೆದಿಡಿ ಎಂಬುದೇ ಅವರ ಔಷಧಿ ಚೀಟಿ. ಇಪ್ಪತ್ತಮೂರು ವರ್ಷಗಳ ಹಿಂದೆ ತನ್ನ ಪರ ಬರೆದ ಭಾಷಣವನ್ನು ಓದಲಾಗದೆ ನಿಂತಿದ್ದ ತರುಣನಿಗೆ ಆ ವೈದ್ಯರು ಹೀಗೆ ಆರೈಕೆ ಮಾಡಿದರು.

ಜೂರಿಚ್‌ನ ಸೇಬು

ಇದೇ ಕಾಲಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಬ್ಬ ವೈದ್ಯರು ಬೇರೆ ದಾರಿಯಿಂದ ಇಲ್ಲಿಗೇ ಬಂದು ಸೇರಿದರು. ಅವರು ಮ್ಯಾಕ್ಸಿಮಿಲಿಯನ್ ಬಿರ್ಕರ್-ಬೆನ್ನರ್. ಹಸಿ ಹಣ್ಣು, ಕಾಳುಗಳಲ್ಲಿ ಬೇಯಿಸಿದ ಆಹಾರಕ್ಕಿಲ್ಲದ ಸತ್ವವಿದೆ ಎಂದು 1900ರಲ್ಲಿ ಜೂರಿಚ್‌ನ ವೈದ್ಯರ ಸಭೆಯ ಮುಂದೆ ಹೇಳಿದಾಗ, ನೀವು ವಿಜ್ಞಾನದ ಎಲ್ಲೆ ಮೀರಿದ್ದೀರಿ ಎಂಬ ಮೂದಲಿಕೆ ಅವರಿಗೆ ಎದುರಾಯಿತು. 1904ರಲ್ಲಿ ಅವರು ತೆರೆದ ಆರೋಗ್ಯಧಾಮದಲ್ಲಿ ರೋಗಿಗಳಿಗೆ ದಿನವೂ ಕೊಡುತ್ತಿದ್ದ ಒಂದು ತಿನಿಸು ಮುಂದೆ ಮ್ಯೂಸ್ಲಿ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾಯಿತು.

ಈಗ ಡಬ್ಬಿಯಲ್ಲಿ ಬರುವ ಮ್ಯೂಸ್ಲಿಗೂ ಮೂಲದ್ದಕ್ಕೂ ಬಹಳ ಅಂತರ. ಮೂಲದಲ್ಲಿ ಹನ್ನೆರಡು ಗಂಟೆ ನೆನೆಸಿದ ಓಟ್ಸ್ ಒಂದೇ ಚಮಚ. ಸಿಪ್ಪೆ, ದಿಂಡು ಸಹಿತ ತುರಿದ ಒಂದು ದೊಡ್ಡ ಸೇಬು ಅದರ ಪ್ರಧಾನ ಭಾಗ. ಅದಕ್ಕೆ ಒಂದು ಚಮಚ ನಿಂಬೆರಸ, ಒಂದು ಚಮಚ ಪುಡಿ ಮಾಡಿದ ಬಾದಾಮಿ ಅಥವಾ ಹೇಜಲ್ ಬೀಜ, ಒಂದು ಚಮಚ ಗಟ್ಟಿ ಹಾಲು. ಕಾಳು ಕಡಿಮೆ, ಹಣ್ಣು ಹೆಚ್ಚು. ಇಂದಿನ ಡಬ್ಬಿಗಳಲ್ಲಿ ಈ ಲೆಕ್ಕ ತಲೆಕೆಳಗಾಗಿದೆ, ಸಕ್ಕರೆ ಬೇರೆ ಸೇರಿಕೊಂಡಿದೆ. 1909ರಲ್ಲಿ ಆ ಆರೋಗ್ಯಧಾಮದಲ್ಲಿ ತಂಗಿದ್ದ ಲೇಖಕ ಥಾಮಸ್ ಮಾನ್‌ಗೆ ಅಲ್ಲಿಯ ಶಿಸ್ತು ಸೆರೆಮನೆಯಂತೆ ಕಂಡಿತ್ತು.

ಅವಸರದ ಯಂತ್ರಗಳು

ಹಾಗಾದರೆ ಟೋಸ್ಟು ಅವಸರದ ತಿಂಡಿಯಾದದ್ದು ಯಾವಾಗ? ಅದಕ್ಕೆ ಬೇಕಾದದ್ದು ಕೆಂಪಗೆ ಕಾದರೂ ಕರಗದ, ತುಂಡಾಗದ ತಂತಿ. ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿ ಅಂಥದೊಂದು ಮಿಶ್ರಲೋಹ ತಯಾರಿಸಿ 1906ರಲ್ಲಿ ಪೇಟೆಂಟ್ ಪಡೆದರು. 1909ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಮನೆಬಳಕೆಯ ಟೋಸ್ಟರ್ ಮಾರುಕಟ್ಟೆಗೆ ತಂದಿತು. ಅದರಲ್ಲಿ ಒಂದು ಮಗ್ಗುಲು ಬೆಂದ ಮೇಲೆ ಕೈಯಿಂದಲೇ ತಿರುಗಿಸಬೇಕಿತ್ತು, ಮೈಮರೆತರೆ ಕರಕಲಾಗುತ್ತಿತ್ತು. ಕಾರ್ಖಾನೆಯ ಊಟದ ಮನೆಯಲ್ಲಿ ಹೀಗೆ ಸೀದ ಟೋಸ್ಟು ತಿಂದು ಬೇಸತ್ತ ಚಾರ್ಲ್ಸ್ ಸ್ಟ್ರೈಟ್ ಎಂಬ ಯಂತ್ರತಜ್ಞ, ಹೊತ್ತಿಗೆ ಸರಿಯಾಗಿ ತಾನೇ ಮೇಲಕ್ಕೆ ಚಿಮ್ಮಿಸುವ ಯಂತ್ರಕ್ಕೆ 1921ರಲ್ಲಿ ಪೇಟೆಂಟ್ ಪಡೆದರು. 1928ರ ಜುಲೈ 7ರಂದು ಮಿಸೌರಿ ರಾಜ್ಯದ ಚಿಲಿಕಾಥಿ ಎಂಬ ಸಣ್ಣ ಊರಿನಲ್ಲಿ, ಆಟೊ ರೋವೆಡರ್ ರೂಪಿಸಿದ ಯಂತ್ರದಲ್ಲಿ ಹೋಳು ಮಾಡಿದ ಬ್ರೆಡ್ಡು ಮೊದಲ ಬಾರಿಗೆ ಮಾರಾಟಕ್ಕೆ ಬಂತು. ಒಂದೇ ದಪ್ಪದ ಹೋಳು, ತಾನಾಗಿ ಚಿಮ್ಮುವ ಯಂತ್ರ ಇವೆರಡೂ ಕೂಡಿದ ಮೇಲೆ ಮುಂಜಾನೆಯ ಬ್ರೆಡ್ಡಿಗೆ ಕಾವಲು ಕೂರುವ ಅಗತ್ಯ ಉಳಿಯಲಿಲ್ಲ.

ಟೋಸ್ಟರಿನ ಇತಿಹಾಸ ಬರೆಯುವವರು ಒಮ್ಮೆ ಚೆನ್ನಾಗಿಯೇ ಮೋಸಹೋದದ್ದುಂಟು. 1893ರಲ್ಲಿ ಸ್ಕಾಟ್ಲೆಂಡಿನ ಒಬ್ಬಾತ ಮೊದಲ ವಿದ್ಯುತ್ ಟೋಸ್ಟರ್ ಕಂಡುಹಿಡಿದನೆಂಬ ವಿವರ, ಅವನ ಭಾವಚಿತ್ರ ಸಮೇತ, ಹತ್ತು ವರ್ಷಗಳ ಕಾಲ ವಿಕಿಪೀಡಿಯದಲ್ಲಿತ್ತು. ಪುಸ್ತಕ, ಪತ್ರಿಕೆಗಳಿಗೂ ಇಳಿಯಿತು. ಇದು 2012ರಲ್ಲಿ ವಿದ್ಯಾರ್ಥಿಗಳು ತಮಾಷೆಗೆ ಹೆಣೆದ ಕಟ್ಟುಕಥೆ ಎಂಬುದು 2022ರಲ್ಲಿ ಬಯಲಾಯಿತು. ಆ ಭಾವಚಿತ್ರ ಕೃತಕವೆಂದು ಮೊದಲು ಸಂದೇಹಪಟ್ಟವನು ಹದಿನೈದು ವರ್ಷದ ಒಬ್ಬ ಬಾಲಕ.

ಹೋಳು ಮಾಡಿದ ಬ್ರೆಡ್ಡು ಜನಜೀವನದಲ್ಲಿ ಎಷ್ಟು ಬೇಗ ಬೇರುಬಿಟ್ಟಿತೆಂಬುದಕ್ಕೆ 1943ರ ಘಟನೆಯೇ ಸಾಕ್ಷಿ. ಯುದ್ಧಕಾಲದ ಉಳಿತಾಯಕ್ಕೆಂದು ಅಮೆರಿಕ ಸರ್ಕಾರ ಜನವರಿ 18ರಂದು ಅದರ ಮಾರಾಟವನ್ನು ನಿಷೇಧಿಸಿತು. ಗೃಹಿಣಿಯರ ಸಿಟ್ಟಿಗೆ ಮಣಿದು ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 8ರಂದು, ನಿಷೇಧ ತೆರವು ಮಾಡಬೇಕಾಯಿತು. ಆದರೆ ಯಂತ್ರದಲ್ಲಿ ಸರಾಗವಾಗಿ ಹೋಳಾಗುತ್ತಿದ್ದುದು ಮೆತ್ತಗಿನ ಬಿಳಿ ಬ್ರೆಡ್ಡು. ಸಮಯ ಉಳಿಯಿತು, ಸತ್ವ ಮರಳಲಿಲ್ಲ.

ಕೂನೂರಿನ ಇಲಿಗಳು

ತವುಡಿನ ಪರ ವಾದಿಸಿದ ಹಳಬರ ಬಳಿ ನಂಬಿಕೆಯಿತ್ತು, ಪುರಾವೆ ಇರಲಿಲ್ಲ. ಅದು ದೊರೆತದ್ದು ಬಹುಮಟ್ಟಿಗೆ ಏಷ್ಯದಲ್ಲಿ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತವುಡಿರುವ ಅಕ್ಕಿ ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನೂ ಗಮನಿಸಿದರು. 1912ರಲ್ಲಿ ಕ್ಯಾಸಿಮಿರ್ ಫಂಕ್ ಈ ಅಗೋಚರ ಅಂಶಗಳಿಗೆ ವೈಟಮಿನ್ ಎಂಬ ಹೆಸರಿತ್ತರು.

ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ನಡೆಸಿದ ಪ್ರಯೋಗಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. 1920ರ ದಶಕದಲ್ಲಿ ಅವರು ಭಾರತದ ಬೇರೆ ಬೇರೆ ಪ್ರಾಂತ್ಯಗಳ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದರು. ಇಡಿಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ, ಹಣ್ಣು ಇದ್ದ ಪಂಜಾಬಿನ ಸಿಖ್ಖರ ಆಹಾರ ಎಲ್ಲಕ್ಕಿಂತ ಉತ್ತಮವೆನಿಸಿತು. ಪಾಲಿಶ್ ಅಕ್ಕಿಯನ್ನೇ ನೆಚ್ಚಿದ ಮದ್ರಾಸ್ ಕಡೆಯ ಬಡ ಊಟ ಕಡೆಯ ಸ್ಥಾನಕ್ಕೆ ಇಳಿಯಿತು. ಬಿಳಿ ಬ್ರೆಡ್ಡು, ಮಾರ್ಗರಿನ್, ಜಾಮು, ಸಕ್ಕರೆ ಚಹಾ, ಡಬ್ಬಿಯ ಮಾಂಸ ಸೇರಿದ ಇಂಗ್ಲೆಂಡಿನ ಬಡವರ ಆಹಾರ ತಿಂದ ಇಲಿಗಳು ಬೆಳವಣಿಗೆ ಕುಂಠಿತವಾಗಿ, ಕೊನೆಗೆ ತಮ್ಮಲ್ಲಿ ದುರ್ಬಲವಾದವನ್ನು ಕೊಂದು ತಿನ್ನತೊಡಗಿದವು. ಇಲ್ಲಿ ಪರೀಕ್ಷೆಗೆ ಒಳಗಾದದ್ದು ಇಡೀ ಊಟ, ಬ್ರೆಡ್ಡೊಂದೇ ಅಲ್ಲ. ಆದರೂ ಕೂನೂರಿನ ಪಾಠ ಸ್ಪಷ್ಟವಿತ್ತು. ಅಲ್ಲಿಯ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಎರಡನೆಯ ಮಹಾಯುದ್ಧ ಸರ್ಕಾರಗಳ ಕಣ್ಣು ತೆರೆಸಿತು. ಅಮೆರಿಕದಲ್ಲಿ 1941ರಿಂದ ಬಿಳಿ ಹಿಟ್ಟಿಗೆ ಕಬ್ಬಿಣ ಮತ್ತು ಬಿ ಜೀವಸತ್ವಗಳನ್ನು ಮರಳಿ ಬೆರೆಸುವ ಕ್ರಮ ಬಂತು. ಬ್ರಿಟನ್ 1942ರಲ್ಲಿ ಕಾಳಿನ ಶೇ. 85 ಭಾಗ ಉಳಿಸಿಕೊಂಡ ಹಿಟ್ಟಿನ ‘ನ್ಯಾಷನಲ್ ಲೋಫ್’ ಜಾರಿಗೆ ತಂದಿತು. ಬೂದುಬಣ್ಣದ ಆ ಬ್ರೆಡ್ಡನ್ನು ಜನ ಗೊಣಗುತ್ತಲೇ ತಿಂದರು. 1956ರಲ್ಲಿ ಅದು ರದ್ದಾದಾಗ ಮತ್ತೆ ಬಿಳಿ ಬ್ರೆಡ್ಡಿಗೇ ಮುಗಿಬಿದ್ದರು.

ಬೇಕರಿಯ ಬ್ರೆಡ್ಡು, ಪರಿಷೆಯ ಕಡಲೆಕಾಯಿ

ಕನ್ನಡ ನಾಡಿನಲ್ಲಿ ಬ್ರೆಡ್ಡು ಬಹುಕಾಲ ರೋಗಿಗಳ ಆಹಾರವಾಗಿತ್ತು. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು ಎಂಬುದು ಮನೆಮನೆಯ ವಾಡಿಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬೆಂಗಳೂರಿನಲ್ಲಿ ಹಾಸನದ ಕಡೆಯ ಅಯ್ಯಂಗಾರ್ ಕುಟುಂಬಗಳು ತೆರೆದ ಬೇಕರಿಗಳು ಅದನ್ನು ನಾಲಿಗೆಗೆ ಒಗ್ಗಿಸಿದವು. ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನ ಮಸಾಲೆ ಹರಡಿ ಕಾವಲಿಯ ಮೇಲೆ ಕಾಯಿಸಿದ ಖಾರದ ಟೋಸ್ಟು, ಕೊಬ್ಬರಿ ಮತ್ತು ಟೂಟಿ ಫ್ರೂಟಿ ತುಂಬಿದ ದಿಲ್‌ಪಸಂದ್ ಅಲ್ಲಿಯ ಸೃಷ್ಟಿಗಳು. ರುಚಿಯಲ್ಲಿ ಅವಕ್ಕೆ ಸಾಟಿಯಿಲ್ಲ. ಆದರೆ ಬುಡದಲ್ಲಿರುವುದು ಮೈದಾ.

ಕಡಲೆಕಾಯಿಯ ಕಥೆ ಹಾಗಲ್ಲ. ದಕ್ಷಿಣ ಅಮೆರಿಕದಿಂದ ಬಂದ ಈ ಬೆಳೆ ಚಿತ್ರದುರ್ಗ, ತುಮಕೂರು ಕಡೆಯ ಒಣಭೂಮಿಯಲ್ಲಿ ರೈತನ ಕೈಹಿಡಿಯಿತು. ಉತ್ತರ ಕರ್ನಾಟಕದಲ್ಲಿ ಅದೇ ಶೇಂಗಾ. ಬೆಂಗಳೂರಿನ ಬಸವನಗುಡಿಯಲ್ಲಿ ಪ್ರತಿ ಕಾರ್ತಿಕ ಮಾಸದ ಕಡೆಯ ಸೋಮವಾರ ಅದರ ಹೆಸರಿನಲ್ಲೇ ಪರಿಷೆ ನಡೆಯುತ್ತದೆ. ‘ಬಡವರ ಬಾದಾಮಿ’ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ. ನೂರು ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಬಾದಾಮಿಗಿಂತ ಅದು ಕಡಿಮೆಯೇನಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ವ ಸೇರಿಸಿ ಅಪೌಷ್ಟಿಕತೆಯ ವಿರುದ್ಧ ಅಗ್ಗದ ಆಹಾರವೊಂದನ್ನು ರೂಪಿಸಿತು. ಕಡಲೆಕಾಯಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಕಡಲೆ ತುಂಬಿಕೊಡುತ್ತದೆ. ಟಾಲ್‌ಸ್ಟಾಯ್ ಫಾರ್ಮಿನ ಅಡುಗೆಮನೆಯ ಲೆಕ್ಕಾಚಾರ ಮೈಸೂರಿನ ಪ್ರಯೋಗಾಲಯದಲ್ಲಿ ಇನ್ನೊಂದು ರೂಪ ಪಡೆಯಿತೆನ್ನಬಹುದು.

ಬೀಜಗಳ ಬಗೆಗಿನ ಈಚಿನ ಸಂಶೋಧನೆಗಳೂ ಇದನ್ನು ಅಲ್ಲಗಳೆದಿಲ್ಲ. ಸ್ಪೇನ್ ದೇಶದಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಮೆಡಿಟರೇನಿಯನ್ ಪದ್ಧತಿಯ ಊಟದೊಂದಿಗೆ ದಿನಕ್ಕೆ 30 ಗ್ರಾಂ ಅಕ್ರೋಟು, ಬಾದಾಮಿ, ಹೇಜಲ್ ಬೀಜಗಳನ್ನು ಸೇವಿಸಿದವರಲ್ಲಿ ಹೃದಯ ಮತ್ತು ಮಿದುಳಿನ ಆಘಾತಗಳು ಕಡಿಮೆಯಾದವು. 2013ರ ಆ ವರದಿಯ ವಿಧಾನದಲ್ಲಿ ದೋಷಗಳು ಕಂಡುಬಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. 2018ರಲ್ಲಿ ತಿದ್ದಿ ಮತ್ತೆ ಪ್ರಕಟಿಸಿದಾಗಲೂ ತೀರ್ಮಾನ ಹೆಚ್ಚುಕಡಿಮೆ ಅದೇ ಉಳಿಯಿತು.

ಹತ್ತು ನಿಮಿಷದ ತಟ್ಟೆ

ಇಷ್ಟು ಇತಿಹಾಸವನ್ನು ಬೆನ್ನಿಗಿಟ್ಟುಕೊಂಡು ಇಂದಿನ ಅಡುಗೆಮನೆಗೆ ಬಂದರೆ ಕೆಲವು ಸರಳ ಸಂಗತಿಗಳು ಉಳಿಯುತ್ತವೆ. ಮೊದಲನೆಯದು ಬ್ರೆಡ್ಡಿನ ಆಯ್ಕೆ. ಕಂದುಬಣ್ಣ ಕಂಡ ಮಾತ್ರಕ್ಕೆ ಅದು ಇಡಿಗೋಧಿಯದೆಂದು ತಿಳಿಯಬಾರದು. ಕ್ಯಾರಮೆಲ್ ಬಣ್ಣವೂ ಆ ಕೆಲಸ ಮಾಡುತ್ತದೆ. ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಇಡಿಗೋಧಿ ಹಿಟ್ಟಿನದಾಗಿರಬೇಕು, ಏಕೆಂದರೆ ಹೆಚ್ಚು ಇರುವ ಪದಾರ್ಥವನ್ನೇ ಮೊದಲು ನಮೂದಿಸಬೇಕೆಂಬುದು ನಿಯಮ. ಬ್ರೆಡ್ಡಿಲ್ಲದಿದ್ದರೆ ನಿನ್ನೆಯ ಚಪಾತಿಯನ್ನು ಗರಿಗರಿಯಾಗಿ ಕಾಯಿಸಿಕೊಂಡರೂ ಆದೀತು. ಅದರಲ್ಲಿ ತವುಡು ಇದ್ದೇ ಇದೆ.

ಎರಡನೆಯದು ಕಾವು. ಹೊಂಬಣ್ಣ ಸಾಕು, ಕರಕಲು ಬೇಡ. ಪಿಷ್ಟದ ಪದಾರ್ಥಗಳನ್ನು ಅತಿಯಾಗಿ ಕಾಯಿಸಿದಾಗ ಅಕ್ರಿಲಮೈಡ್ ಎಂಬ ಅನಪೇಕ್ಷಿತ ರಾಸಾಯನಿಕ ಉಂಟಾಗುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪತ್ತೆ ಹಚ್ಚಿದರು. ಮೂರನೆಯದು ಬೀಜ. ಒಂದು ಬಟ್ಟಲು ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಿದರೆ ಮೊದಲು ಪುಡಿಯಾಗಿ, ಅನಂತರ ತನ್ನದೇ ಎಣ್ಣೆ ಬಿಟ್ಟುಕೊಂಡು ಬೆಣ್ಣೆಯಾಗುತ್ತದೆ. ಚಿಟಿಕೆ ಉಪ್ಪು ಸಾಕು, ಸಕ್ಕರೆ ಬೇಡ. ಬೂಷ್ಟು ಹಿಡಿದ ಬೀಜಗಳನ್ನು ಮಾತ್ರ ಆರಿಸಿ ಬಿಸಾಡಬೇಕು, ಅವುಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಭಾನುವಾರ ಮಾಡಿಟ್ಟುಕೊಂಡರೆ ವಾರದ ಬೆಳಗುಗಳಿಗೆಲ್ಲ ಒದಗುತ್ತದೆ.

ಕೊನೆಯದು ಹಣ್ಣು. ಬಾಳೆ, ಪರಂಗಿ, ಸೀಬೆ, ಕಿತ್ತಳೆ, ಆಯಾ ಋತುವಿನಲ್ಲಿ ಅಗ್ಗವಾದದ್ದೇ ಒಳ್ಳೆಯದು. ಸಿ ಜೀವಸತ್ವದಲ್ಲಿ ಸೀಬೆ ಕಿತ್ತಳೆಯನ್ನೂ ಮೀರಿಸುತ್ತದೆ, ಗೋಧಿ ಮತ್ತು ಬೀಜಗಳಲ್ಲಿರುವ ಕಬ್ಬಿಣ ಮೈಗೆ ಹತ್ತಲು ಆ ಜೀವಸತ್ವ ನೆರವಾಗುತ್ತದೆ. ಕೊಯ್ದ ಹಣ್ಣಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಬೇಗ ಕಪ್ಪಾಗದು.

ಈ ತಟ್ಟೆಯಲ್ಲಿ ಬಾದಾಮಿ, ಅಕ್ರೋಟು ಇದ್ದರೆ ಸಂತೋಷ, ಇಲ್ಲದಿದ್ದರೆ ನಷ್ಟವಿಲ್ಲ. ಬುಡದಲ್ಲಿ ಮೈದಾ ಬ್ರೆಡ್ಡಿಟ್ಟು ಮೇಲೆ ಎಷ್ಟೇ ಬೆಲೆಯ ಬೀಜ ಉದುರಿಸಿದರೂ ಅದು ಕಳೆದುಕೊಂಡದ್ದಕ್ಕೆ ಹಾಕಿದ ತೇಪೆಯಷ್ಟೆ. ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಒಂದು ಆಹಾರವನ್ನು ಅಳೆಯಲು ಮೂರು ಪ್ರಶ್ನೆಗಳಿದ್ದವು: ಇದು ಮೈಗೆ ಹಿಡಿಯುತ್ತದೆಯೇ, ಇದು ಎಲ್ಲರ ಕೈಗೆ ಎಟಕುತ್ತದೆಯೇ, ಇದಕ್ಕೆ ಬೀಸುವವರು ಯಾರು? ಬೀಸುವ ಕೆಲಸವನ್ನು ಈಗ ಯಂತ್ರ ವಹಿಸಿಕೊಂಡಿದೆ. ಉಳಿದ ಎರಡು ಪ್ರಶ್ನೆಗಳನ್ನು ಇಂದಿಗೂ ಪ್ರತಿ ಮನೆಯೂ ತಾನೇ ಕೇಳಿಕೊಳ್ಳಬೇಕಾಗಿದೆ.